ಗೇಟು ಆಯ್ತು, ಓದು ಎಲ್ಲಿಗ್ ಬಂತು?

ಕೇಳುಗರೆಲ್ರಿಗೂ ನಮಸ್ಕಾರ. ಸರ್ಕಾರಿ ಶಾಲೆಗಳಲ್ಲಿ ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಅಂತ ಇದೆಯಲ್ಲ, ನಮ್ಮ ರಾಜ್ಯದಲ್ಲಿ ಅದು 2001ರಲ್ಲೇ ಶುರುವಾಗಿದ್ದು, ಆಮೇಲೆ 2010ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದಾಗ ಇಂಥ ಸಮಿತೀಲಿ ಮುಕ್ಕಾಲು ಪಾಲು ಮಕ್ಕಳ ಅಪ್ಪ ಅಮ್ಮಂದಿರೇ ಇರ್ಬೇಕು, ಅರ್ಧ ಹೆಂಗಸರಿರ್ಬೇಕು ಅಂತ ಆಯ್ತು. ಶಾಲೆ ಹೇಗ್ ನಡೀತಿದೆ ಅಂತ ನೋಡೋದೇ ಕಾನೂನು ಇವರಿಗೆ ಕೊಟ್ಟಿರೋ ಮೊದಲ ಕೆಲಸ.

ನಾನೂ ಒಂದು ಅವಧಿ ಮೆಂಬರ್ ಆಗಿದ್ದೆ. ಏನ್ ನೋಡಿದ್ವಿ ಅಂದ್ರೆ ಕಾಂಪೌಂಡು, ಸುಣ್ಣಬಣ್ಣ, ಬಿಸಿಯೂಟದ ಸಾರು ನೀರಾಯ್ತು ಅಂತ ಜಗಳ, ಆಗಸ್ಟ್ 15ಕ್ಕೆ ಲಾಡು ಯಾರು ಕೊಡಿಸ್ತಾರೆ ಅನ್ನೋದು. ಐದನೇ ಕ್ಲಾಸಲ್ಲಿ ಎಷ್ಟು ಮಕ್ಕಳಿಗೆ ಸರಿಯಾಗಿ ಓದಕ್ಕೆ ಬರುತ್ತೆ ಅಂತ ಯಾರೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಕಟ್ಟಡ ಬೇಡ ಅಂತಲ್ಲ, ಟಾಯ್ಲೆಟ್ಟಲ್ಲಿ ನೀರಿಲ್ದೆ ಹೆಣ್ಮಕ್ಕಳು ಮಧ್ಯಾಹ್ನಕ್ಕೇ ಮನೆಗೆ ಓಡಿ ಬಂದ್ರೆ ಪಾಠ ಎಲ್ಲಿಂದ ಆಗ್ಬೇಕು.

ಅಷ್ಟರಲ್ಲಿ ಸಮುದಾಯದತ್ತ ಶಾಲೆ ಕಾರ್ಯಕ್ರಮ ಬಂತು, ಮಕ್ಕಳು ಏನ್ ಕಲ್ತಿದ್ದಾರೆ ಅಂತ ಊರವರ ಮುಂದೆ ತೋರಿಸೋದು. ನಾಲ್ಕನೇ ಕ್ಲಾಸಿನ ಹುಡುಗ ಒಬ್ಬ ಪುಸ್ತಕ ಹಿಡ್ಕೊಂಡು ಗಡಗಡ ಅಂತ ಓದ್ದ, ನಾವೆಲ್ಲ ಚಪ್ಪಾಳೆ. ಅವರಮ್ಮ ಹೆಬ್ಬೆಟ್ಟಿನವರು, ಎದ್ ಬಂದು ಪುಟದ ನಡುವೆ ಎಲ್ಲೋ ಒಂದ್ ಪದದ ಮೇಲೆ ಬೆರಳಿಟ್ಟು "ಇದೇನ್ಲಾ ಮಗ?" ಅಂದ್ರು. ಹುಡುಗ ಗಪ್‌ಚುಪ್. ಒತ್ತಕ್ಷರದ ಪದ, ಪಾಠ ಪೂರ್ತಿ ಬಾಯಿಪಾಠ ಆಗಿತ್ತು ಅಷ್ಟೆ! ಓದಕ್ಕೆ ಬರೋ ನಮಗ್ಯಾರಿಗೂ ಅದು ಹೊಳೀಲಿಲ್ಲ ನೋಡಿ.

ಮೇಷ್ಟ್ರ ಮೇಲೆ ಕೂಗಾಡಿದ್ರೆ ಅಲ್ಲಿಗ್ ಮುಗೀತಿತ್ತು, ಎರಡು ಮೂರು ಕ್ಲಾಸ್ ಒಬ್ಬರೇ ನೋಡ್ಕೊಂಡು ಮೇಲೆ ಆನ್‌ಲೈನ್ ಎಂಟ್ರಿನೂ ಮಾಡೋರಿಗೆ ಏನಂತ ಬೈಯೋದು. ಆಯಮ್ಮ ಬೈಲಿಲ್ಲ. ದಿನಾ ರಾತ್ರಿ ಮುದ್ದೆ ತಿರುವಿ ಇಳಿಸಿದ್ಮೇಲೆ ಮಗನ್ನ ಕೂರಿಸ್ಕೊಂಡು ಎಲ್ಲೆಲ್ಲೋ ಬೆರಳಿಡೋರಂತೆ, ತಡವರಿಸಿದ್ರೆ ಆ ಪದಕ್ಕೆ ಪೆನ್ಸಿಲಲ್ಲಿ ಗೆರೆ, ಬೆಳಗ್ಗೆ ಮೇಷ್ಟ್ರಿಗೆ ತೋರ್ಸು ಅಂತ ಕಳಿಸೋರು. ರಾಗಿ ಕೊಯ್ಲಿಗೆ ಹುಡುಗನ್ನ ಕರ್ಕೊಂಡ್ ಹೋಗೋದೂ ನಿಲ್ಲಿಸಿದ್ರು. ಯುಗಾದಿ ಹೊತ್ತಿಗೆ ಆ ಗೆರೆಗಳು ಪುಟಕ್ಕೆ ಒಂದೋ ಎರಡೋ ಉಳಿದಿದ್ವು.

ಮುಂದಿನ ವರ್ಷ ಅವರೂ ಮೆಂಬರ್ ಆದ್ರು. ಮೇಷ್ಟ್ರು ನಡಾವಳಿ ಪುಸ್ತಕ ತೆಗ್ದು ಮೊದಲ್ನೇ ವಿಷ್ಯ ಏನ್ ಬರೀಲಿ ಅಂದ್ರು, ನಾನು ಅಭ್ಯಾಸಬಲ, ಗೇಟು ಅಂದೆ. "ಓದು ಅಂತ ಬರ್ಕಳಿ ಸಾ" ಅಂದ್ರು ಆಯಮ್ಮ. ಗೇಟು ಎರಡನೇದಾಯ್ತು.