ಎರಿಚೆಯಲ್ಲಿ ಒಂದು ರಾತ್ರಿ ಉಳಿಯಿರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಇಟಲಿಯ ಸಿಸಿಲಿಗೆ ಹೋಗಿ ಬಂದವರು ನಿಮ್ಮ ಪರಿಚಯದಲ್ಲಿದ್ದರೆ ಒಂದು ಮಾತು ಕೇಳಿ ನೋಡಿ, ಎರಿಚೆ ನೋಡಿದ್ರಾ ಅಂತ. "ಓ, ನೋಡಿದ್ವಿ, ಬೆಳಿಗ್ಗೆ ರೋಪ್‌ವೇಯಲ್ಲಿ ಹತ್ತಿ ಊಟದ ಹೊತ್ತಿಗೆ ಇಳಿದು ಬಂದ್ವಿ" ಅಂತಾರೆ. ಅದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಎರಡು ಗಂಟೆಯಲ್ಲಿ ನೋಡಿ ಮುಗಿಸುವ ಊರಲ್ಲ ಅದು. ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ: ಅಲ್ಲಿ ಒಂದು ರಾತ್ರಿ ಉಳಿಯಿರಿ.

ಸಿಸಿಲಿ ದ್ವೀಪದ ಪಶ್ಚಿಮ ತುದಿಯಲ್ಲಿ ತ್ರಾಪನಿ ಎಂಬ ಬಂದರಿದೆ. ಬಂದರಿನ ಬೆನ್ನಿಗೇ ಒಂದು ಒಂಟಿ ಬೆಟ್ಟ, ಸುಮಾರು 750 ಮೀಟರ್ ಎತ್ತರ. ಅದರ ನೆತ್ತಿಯ ಮೇಲೆ ಮುಕ್ಕೋನದ ಆಕಾರದ ಪುಟ್ಟ ಕಲ್ಲಿನ ಊರು. ಅದೇ ಎರಿಚೆ. ಅಲ್ಲಿ ನಿಂತು ನೋಡಿದರೆ ಕೆಳಗೆ ಉಪ್ಪಿನಾಗರಗಳು ಹೊಳೆಯುತ್ತವೆ, ಆಚೆಗೆ ಸಮುದ್ರ, ಸಮುದ್ರದಲ್ಲಿ ಎಗಾದಿ ದ್ವೀಪಗಳು.

ಎತ್ತರದ ಬೆಟ್ಟ, ದೂರದ ಹಡಗಿನವರಿಗೂ ಕಾಣುತ್ತದೆ. ಅಂಥ ಕಡೆ ದೇವರ ಗುಡಿ ಇಲ್ಲದೆ ಇರುತ್ತದೆಯೇ? ಇಲ್ಲಿದ್ದವಳು ದೇವಿ. ಮೊದಲು ಎಲಿಮಿಯನ್ನರು ಎಂಬ ಜನ ಬಂಡೆಯ ಅಂಚಿನಲ್ಲಿ ಅವಳನ್ನು ಪೂಜಿಸಿದರು. ಫಿನೀಷಿಯನ್ನರು ಅಸ್ತಾರ್ತೆ ಅಂದರು, ಗ್ರೀಕರು ಅಫ್ರೊಡೈಟಿ ಅಂದರು, ರೋಮನ್ನರು ವೀನಸ್ ಅಂದರು. ಹೆಸರು ಬದಲಾಯಿತು, ಬಂಡೆ ಅದೇ. ಗುಡಿಯ ಪಾರಿವಾಳಗಳು ವರ್ಷಕ್ಕೊಮ್ಮೆ ದೇವಿಯ ಜೊತೆ ಆಫ್ರಿಕಾಕ್ಕೆ ಹಾರಿಹೋಗಿ ಒಂಬತ್ತು ದಿನದ ಮೇಲೆ ತಿರುಗಿ ಬರುತ್ತವೆ ಎಂದು ಜನ ನಂಬಿದ್ದರು, ಹೋಗುವಾಗ ಒಂದು ಹಬ್ಬ, ಬರುವಾಗ ಇನ್ನೊಂದು. ರೋಮನ್ನರಂತೂ ಕ್ರಿ.ಪೂ. 215ರಲ್ಲಿ ಈ ಎರಿಚೆಯ ದೇವಿಗೆ ತಮ್ಮ ರೋಮ್ ನಗರದಲ್ಲೇ ಒಂದು ಗುಡಿ ಕಟ್ಟಿಸಿದರು.

ಈಗ ನನಗೆ ತುಂಬ ಇಷ್ಟವಾದ ಕಥೆಗೆ ಬರುತ್ತೇನೆ. ಕಥೆ ಅಂದೆ, ಆದರೆ ಗ್ರೀಕ್ ಇತಿಹಾಸಕಾರ ಥುಸಿಡೈಡಿಸ್ ತನ್ನ ಕಾಲದಲ್ಲೇ ನಡೆದದ್ದೆಂದು ಬರೆದಿಟ್ಟದ್ದು. ಎರಿಚೆಯಿಂದ ಸ್ವಲ್ಪ ದೂರದಲ್ಲಿ ಸೆಜೆಸ್ತಾ ಎಂಬ ಊರು. ಅವರಿಗೂ ಪಕ್ಕದ ಊರಿನವರಿಗೂ ಜಗಳ. ಸಹಾಯಕ್ಕೆ ಬನ್ನಿ, ಯುದ್ಧದ ಖರ್ಚು ನಮ್ಮದು ಎಂದು ಅವರು ಅಥೆನ್ಸಿಗೆ ಹೇಳಿ ಕಳುಹಿಸಿದರು. ಅಥೆನ್ಸಿನವರು ದಡ್ಡರಲ್ಲ. ನಿಮ್ಮ ಹತ್ತಿರ ದುಡ್ಡಿದೆಯೇ, ನಮ್ಮವರು ಬಂದು ನೋಡುತ್ತಾರೆ ಅಂದರು. ಕ್ರಿ.ಪೂ. 416ರ ಹೊತ್ತಿಗೆ ದೂತರು ಬಂದರು. ಸೆಜೆಸ್ತಾದವರು ಅವರನ್ನು ಎಲ್ಲಿಗೆ ಕರೆದುಕೊಂಡು ಹೋದರು? ಎರಿಚೆಯ ಗುಡಿಗೆ! ಬೋಗುಣಿ, ಸೌಟು, ಧೂಪದ ಪಾತ್ರೆ, ಭಕ್ತರು ಒಪ್ಪಿಸಿದ್ದನ್ನೆಲ್ಲ ತೋರಿಸಿದರು. ಎಲ್ಲ ಬೆಳ್ಳಿಯವು. ಕಣ್ಣಿಗೆ ರಾಶಿರಾಶಿ ಕಂಡರೂ ಬೆಲೆ ಕಟ್ಟಿದರೆ ಅಷ್ಟೇನಿಲ್ಲ. ಅಲ್ಲಿಗೆ ಮುಗಿಯಲಿಲ್ಲ. ದೂತರ ಹಡಗಿನವರನ್ನು ಮನೆಮನೆಗೆ ಔತಣಕ್ಕೆ ಕರೆದರು. ಊರಲ್ಲಿದ್ದ ಚಿನ್ನದ, ಬೆಳ್ಳಿಯ ಬಟ್ಟಲುಗಳನ್ನೆಲ್ಲ ಒಟ್ಟುಮಾಡಿ, ಸಾಲದ್ದಕ್ಕೆ ಅಕ್ಕಪಕ್ಕದ ಊರುಗಳಿಂದಲೂ ಕೇಳಿ ತಂದು, ಇವತ್ತು ಈ ಮನೆ, ನಾಳೆ ಆ ಮನೆ ಎಂದು ಅದೇ ಪಾತ್ರೆಗಳನ್ನು ಎಲ್ಲರೂ ತಮ್ಮದೇ ಎನ್ನುವಂತೆ ಇಟ್ಟರು. ಪಾಪ, ಅತಿಥಿಗಳಿಗೆ ಹೋದ ಮನೆಯಲ್ಲೆಲ್ಲ ಐಶ್ವರ್ಯವೇ ಕಂಡಿತು. ಊರಿಗೆ ಹೋಗಿ ಅದನ್ನೇ ಹೇಳಿದರು. ಅಥೆನ್ಸಿನ ಹಡಗುಗಳು ಹೊರಟವು. ಬಂದು ನೋಡಿದರೆ ಖಜಾನೆಯಲ್ಲಿ ಇದ್ದದ್ದು ಆ ಕಾಲದ ಲೆಕ್ಕದಲ್ಲಿ ಬರೀ 30 ಟ್ಯಾಲೆಂಟ್ ಹಣ, ಅಂದರೆ 60 ಹಡಗಿನವರಿಗೆ ಹದಿನೈದು ದಿನದ ಸಂಬಳ ಕೊಡುವಷ್ಟು. ಬಂದದ್ದು ಬಂದಾಯಿತು ಎಂದು ಯುದ್ಧಕ್ಕೆ ಇಳಿದರು, ಕ್ರಿ.ಪೂ. 413ರಲ್ಲಿ ಸಿಸಿಲಿಯದೇ ಇನ್ನೊಂದು ಊರಾದ ಸಿರಾಕ್ಯೂಸಿನ ಹತ್ತಿರ ಇಡೀ ಸೈನ್ಯ ಹಾಳಾಯಿತು.

ಆ ಬೆಟ್ಟ ಹತ್ತಿದಾಗಲೆಲ್ಲ ನನಗೆ ಆ ದೂತರ ನೆನಪಾಗುತ್ತದೆ. ತೋರಿಸಿದ್ದನ್ನು ನೋಡಿದರು, ಇಳಿದು ಹೋದರು. ನೀವೂ ಹಾಗೆ ಮಾಡಬೇಡಿ ಅಂತಲೇ ನಾನು ಬಡಕೊಳ್ಳುತ್ತಿರುವುದು, ಒಂದು ರಾತ್ರಿ ಉಳಿಯಿರಿ.

ಅಯ್ಯೋ, ಸಮಯ ಅರ್ಧಕ್ಕಿಂತ ಜಾಸ್ತಿ ಆಯಿತು. ಮಿಕ್ಕಿದ್ದನ್ನು ಬೇಗ ಹೇಳಿಬಿಡುತ್ತೇನೆ. 12ನೇ ಶತಮಾನದಲ್ಲಿ ನಾರ್ಮನ್ನರು ದೇವಿಯ ಗುಡಿ ಇದ್ದ ಬಂಡೆಯ ಮೇಲೇ ಕೋಟೆ ಕಟ್ಟಿದರು. ಇವತ್ತಿಗೂ ಅದರ ಹೆಸರು ವೀನಸ್ ಕೋಟೆ. ಊರಿನ ದೊಡ್ಡ ಇಗರ್ಜಿ 1314ರದು, ಗಂಟೆಗೋಪುರ ಪಕ್ಕದಲ್ಲಿ ಬೇರೆಯಾಗಿಯೇ ನಿಂತಿದೆ. ಊರಿಗೆ ಶತಮಾನಗಳ ಕಾಲ ಸಂತ ಜೂಲಿಯನ್ನನ ಬೆಟ್ಟ ಎಂಬ ಹೆಸರಿತ್ತು, 1934ರಲ್ಲಿ ಹಳೆಯ ಹೆಸರು ವಾಪಸ್ಸು ಬಂತು.

ನಾನು ಮೊದಲ ಸಲ ಅಲ್ಲಿಗೆ ಹೋದದ್ದು ಪ್ರವಾಸಕ್ಕಲ್ಲ, ಹರಳುಗಳ ವಿಜ್ಞಾನದ ತರಗತಿಗೆ. ಹೌದು, ಈ ಪುಟ್ಟ ಊರಿನಲ್ಲಿ ದೊಡ್ಡದೊಂದು ವಿಜ್ಞಾನ ಕೇಂದ್ರವಿದೆ. 1963ರಲ್ಲಿ ಆಂತೊನಿನೊ ಜಿಕಿಕಿ ಎಂಬ ಭೌತವಿಜ್ಞಾನಿ ಶುರುಮಾಡಿದ್ದು. 1938ರಲ್ಲಿ ಕಾಣೆಯಾಗಿ ಮತ್ತೆಂದೂ ಸಿಗದ ಸಿಸಿಲಿಯ ವಿಜ್ಞಾನಿ ಎತ್ತೊರೆ ಮಯೊರಾನಾ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ತರಗತಿಗಳು ನಡೆಯುವುದು ಸಂನ್ಯಾಸಿಗಳಿದ್ದ ಹಳೆಯ ಮಠಗಳಲ್ಲಿ. 1982ರಲ್ಲಿ ಭೌತವಿಜ್ಞಾನಿಗಳಾದ ಡಿರಾಕ್, ಕಪಿತ್ಸಾ ಮತ್ತು ಜಿಕಿಕಿ ಕೂತು ವಿಜ್ಞಾನದಲ್ಲಿ ಗುಟ್ಟು ಬೇಡ ಎಂಬ ಹೇಳಿಕೆ ಬರೆದದ್ದೂ ಈ ಊರಿನಲ್ಲೇ.

ತರಗತಿಯ ನೆಪದಲ್ಲಿ ಉಳಿದದ್ದರಿಂದಲೇ ನನಗೆ ಸಂಜೆಯ ಎರಿಚೆ ಸಿಕ್ಕಿತು. ಪ್ರವಾಸಿಗಳೆಲ್ಲ ಇಳಿದು ಹೋದ ಮೇಲೆ ಮಂಜು ಹತ್ತಿ ಬರುತ್ತದೆ. ವೀನಸ್ ದೇವಿಯ ಮುತ್ತು ಅನ್ನುತ್ತಾರೆ ಅದಕ್ಕೆ. ಮೊದಲು ಸಮುದ್ರ ಮಾಯ, ಆಮೇಲೆ ಕೋಟೆ, ಕೊನೆಗೆ ಎದುರು ಗೋಡೆಯೂ ಮಾಯ. ಓಣಿಯಲ್ಲಿ ಕೇಳುವುದು ನಮ್ಮ ಹೆಜ್ಜೆಯ ಸದ್ದೊಂದೇ. ಆ ಓಣಿಗಳಿಗೆ ಚೌಕಚೌಕವಾಗಿ ಚೆಂದಕ್ಕೆ ಕಲ್ಲು ಹಾಸಿದ್ದಾರೆ, ಒದ್ದೆಯಾದರೆ ಮಾತ್ರ ಜಾರುತ್ತವೆ, ಹಿಡಿತ ಇರುವ ಚಪ್ಪಲಿಯೇ ಬೇಕು.

ಬೆಳಿಗ್ಗೆ ಎದ್ದು ಜೆನೊವೇಸೆ ತಿನ್ನಿ. ಒಳಗೆ ಬಿಸಿ ಕಸ್ಟರ್ಡ್, ಹೊರಗೆ ಬಾಯಲ್ಲಿಟ್ಟರೆ ಪುಡಿಯಾಗುವ ಮೈದಾ ಹೊದಿಕೆ, ಮೇಲೆ ಸಕ್ಕರೆ ಪುಡಿ. ಸಾನ್ ಕಾರ್ಲೊ ಎಂಬ ಕನ್ಯಾಮಠದಲ್ಲಿ ಸಿಸ್ಟರ್‌ಗಳು ಬಾದಾಮಿ ಸಿಹಿತಿಂಡಿ ಮಾಡಿ ಮಾರುತ್ತಿದ್ದರು. ಅಲ್ಲಿ ಬೆಳೆದ ಮರಿಯಾ ಗ್ರಮಾಟಿಕೊ ಎಂಬ ಹುಡುಗಿ ಆ ಕೈಕೆಲಸ ಕಲಿತು ಮುಂದೆ ಸ್ವಂತ ಅಂಗಡಿ ಇಟ್ಟರು. ಆರಿದ್ದನ್ನು ಕಟ್ಟಿಸಿಕೊಂಡು ಹೋಗಬೇಡಿ, ಬಿಸಿಯಿರುವಾಗ ಅಲ್ಲೇ ನಿಂತು ತಿನ್ನಿ.

ಕೊನೆಗೊಂದು ಮಾತು. ಗಾಳಿ ಜೋರಾದರೆ ರೋಪ್‌ವೇ ನಿಲ್ಲಿಸಿಬಿಡುತ್ತಾರೆ. ಗಾಬರಿಯಾಗಬೇಡಿ, ತ್ರಾಪನಿಗೆ ಬಸ್ಸಿದೆ. ಕಡೆಯ ಬಸ್ಸೂ ತಪ್ಪಿತೋ, ಇನ್ನೂ ಒಳ್ಳೆಯದೇ ಆಯಿತು, ಆ ರಾತ್ರಿ ಅಲ್ಲೇ ಉಳಿಯಿರಿ. ನಮಸ್ಕಾರ.