ತೋಳು ನೋಯುತ್ತದೆಂದು ತಿಕ್ಕಬೇಡಿ

ಕೇಳುಗರಿಗೆ ನಮಸ್ಕಾರ.

ಅಂಕೋಲೆಯ ಕಡೆ ನಾನು ನರ್ಸ್ ಆಗಿದ್ದಾಗಿನ ಮಾತು. ಮೀನು ಮಾರುವ ಹೆಣ್ಣುಮಗಳೊಬ್ಬಳು ಗರ್ಭ ತಡೆಯುವ ‘ಅಂತರಾ’ ಇಂಜೆಕ್ಷನ್ ತೆಗೆದುಕೊಂಡ ಮರುದಿನವೇ ಬಂದಳು. “ಅಕ್ಕೋರೇ, ಕೈ ಎತ್ತೂಕೆ ಆಗ್ತಿಲ್ಲ, ಬುಟ್ಟಿ ತಲೆ ಮೇಲೆ ಇಡೂದು ಹೆಂಗೆ?” ತೋಳು ಮುಟ್ಟಿದರೆ ಕೊಬ್ಬರಿ ಎಣ್ಣೆಯ ಜಿಡ್ಡು. ರಾತ್ರಿ ಅತ್ತೆ ಎಣ್ಣೆ ಹಚ್ಚಿ ತಿಕ್ಕಿ, ಬಿಸಿನೀರಿನ ಬಟ್ಟೆಯಿಂದ ಶಾಖವನ್ನೂ ಕೊಟ್ಟಿದ್ದರಂತೆ. ಬೈಯಲು ಮನಸ್ಸು ಬರಲಿಲ್ಲ. ಸೂಜಿ ತೆಗೆದ ಕೂಡಲೇ ಹತ್ತಿಯಿಂದ ಗಸಗಸ ತಿಕ್ಕುವುದನ್ನು ಜನಕ್ಕೆ ಕಲಿಸಿದವರು ನಮ್ಮಂಥವರೇ ಅಲ್ಲವೇ?

ಆದರೆ ಈ ಔಷಧದ ಗುಣ ಬೇರೆ. 2017ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಸಿಗುತ್ತಿರುವ ಅಂತರಾ, ಮೂರು ತಿಂಗಳು ಗರ್ಭ ತಡೆಯುವ ಹಾರ್ಮೋನ್. 1 ಮಿಲಿ ದ್ರವದಲ್ಲಿ 150 ಮಿಲಿಗ್ರಾಂ ಔಷಧ, ಅದೂ ಸಣ್ಣ ಸಣ್ಣ ಹರಳುಗಳಾಗಿ. ಸಾಣಿಕಟ್ಟೆಯ ಉಪ್ಪಿನ ಹರಳನ್ನು ನೀರಿಗೆ ಹಾಕಿ ಸುಮ್ಮನೆ ಬಿಟ್ಟರೆ ನಿಧಾನ ಕರಗುತ್ತದೆ, ಕದಡಿದರೆ ಬೇಗ ಮುಗಿಯುತ್ತದೆ. ಸ್ನಾಯುವಿನೊಳಗೂ ಹಾಗೆಯೇ. ತಿಕ್ಕಿದರೆ, ಶಾಖ ಕೊಟ್ಟರೆ ಔಷಧ ಬೇಗ ಇಳಿದು, ಮೂರು ತಿಂಗಳ ರಕ್ಷಣೆ ಕಡಿಮೆಯಾಗಬಹುದು. ತಿಳಿಯದೆ ತಿಕ್ಕಿಬಿಟ್ಟಿದ್ದರೆ ಮುಚ್ಚಿಡಬೇಡಿ, ಕೊಟ್ಟವರಿಗೆ ಹೇಳಿ.

ನೋವು ಒಂದೆರಡು ದಿನ ಇರುವುದು ಸಹಜ. ತಣ್ಣೀರಿನ ಬಟ್ಟೆ ಇಡಿ, ಕೈಯನ್ನು ಸಹಜವಾಗಿ ಆಡಿಸುತ್ತಿರಿ. ತಡೆಯದಿದ್ದರೆ, ಮೈಗೆ ಒಗ್ಗುವುದಾದರೆ, ಒಂದು ಪ್ಯಾರಾಸಿಟಮಾಲ್ ಸಾಕು. ಆದರೆ ದಿನದಿಂದ ದಿನಕ್ಕೆ ನೋವು ಏರುತ್ತಿದ್ದರೆ, ಜಾಗ ಕೆಂಪಾಗಿ ಬಿಸಿಯಾಗಿ ಊದಿದರೆ, ಕೀವು ಬಂದರೆ, ಜ್ವರ ಕಾಣಿಸಿದರೆ, ಕೈಯೋ ಕಾಲೋ ಜೋಮು ಹಿಡಿದು ಬಲ ಕುಂದಿದರೆ, ಆಗ ಮಳೆಗಾಲವಾದರೂ ಸರಿ, ದೋಣಿ ದಾಟಬೇಕಾದರೂ ಸರಿ, ಕಾಯಬೇಡಿ. ಇಂಜೆಕ್ಷನ್ ಆದ ಸ್ವಲ್ಪ ಹೊತ್ತಿನಲ್ಲೇ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿದರಂತೂ ಒಂದು ನಿಮಿಷವೂ ತಡ ಮಾಡುವಂತಿಲ್ಲ.

ಇನ್ನೊಂದು ಮಾತು. ಇದನ್ನು ತೋಳಿಗೇ ಹಾಕಬೇಕೆಂದಿಲ್ಲ, ಸೊಂಟದ ಕೆಳಗೆ ಪಿರ್ರೆಗೂ ತೊಡೆಗೂ ಹಾಕಬಹುದು. ನಿಮ್ಮ ಕೆಲಸ ಯಾವುದು ಎಂದು ನರ್ಸ್‌ಗೆ ಮೊದಲೇ ಹೇಳಲು ನಾಚಿಕೆ ಏಕೆ?

ಆ ಹೆಣ್ಣುಮಗಳು ಮೂರು ತಿಂಗಳ ಮೇಲೆ, ಕಾರ್ಡು ಹಿಡಿದು, ಹೇಳಿದ ದಿನಕ್ಕೇ ಬಂದಳು. ಕುರ್ಚಿಯಲ್ಲಿ ಕೂತವಳೇ ಎಡಗೈ ಚಾಚಿದಳು. “ಬಲಗೈ ಬೇಡ ಅಕ್ಕೋರೇ, ಬುಟ್ಟಿ ಎತ್ತೂದು ಅದೇಯ. ಅತ್ತೆಗೂ ಹೇಳಿಟ್ಟು ಬಂದಿದ್ದೇನೆ.”