ತಾಯಿಯ ರಕ್ತದಲ್ಲಿ ಮಗುವಿನ ಸುಳಿವು

ಕೇಳುಗರೇ, ನಮಸ್ಕಾರ.

ಗರ್ಭಿಣಿಯ ತೋಳಿನಿಂದ ಸುಮಾರು 10 ಮಿಲಿಲೀಟರ್ ರಕ್ತ ತೆಗೆದು ಹೊಟ್ಟೆಯೊಳಗಿನ ಮಗುವಿನ ವಿಚಾರ ತಿಳಿಯುವ ಎನ್‌ಐಪಿಟಿ ಪರೀಕ್ಷೆಯ ಬಗ್ಗೆ ನೀವೂ ಕೇಳಿರಬಹುದು. ವರದಿಯಲ್ಲಿ 'ಅಪಾಯ ಕಡಿಮೆ' ಎಂದಿದ್ದರೆ ಮನೆಮಂದಿಗೆಲ್ಲ ನಿರಾಳ. ಆದರೆ ಸಾಮಾನ್ಯ ಎನ್‌ಐಪಿಟಿ ನೋಡುವುದು ಡೌನ್ ಸಿಂಡ್ರೋಮ್‌ನಂಥ, ವರ್ಣತಂತುಗಳ ಲೆಕ್ಕ ತಪ್ಪುವ ತೊಂದರೆಗಳನ್ನು. ಒಂದೇ ಜೀನಿನ ದೋಷದಿಂದ ಬರುವ, ರಕ್ತದ ಹಿಮೋಗ್ಲೋಬಿನ್ ಕೆಡುವ ರೋಗಗಳಾದ ಸಿಕಲ್ ಸೆಲ್ ಆಗಲಿ ಥಲಸ್ಸೇಮಿಯಾ ಆಗಲಿ ಅದರಲ್ಲಿ ಸಿಗುವುದಿಲ್ಲ. ಸಿಕಲ್ ಸೆಲ್ ನಮ್ಮ ಭಾಗದ ಗಿರಿಜನ ಹಾಡಿಗಳಲ್ಲಿದೆ. ಥಲಸ್ಸೇಮಿಯಾ ಯಾವ ಮನೆತನದಲ್ಲೂ ಇರಬಹುದು.

ಹಾಗಾಗಿ ಮೊದಲು ತಂದೆತಾಯಿಯ ರಕ್ತ ನೋಡಬೇಕು. ಸಿಬಿಸಿಯಲ್ಲಿ, ಅಂದರೆ ರಕ್ತಕಣಗಳ ಎಣಿಕೆಯಲ್ಲಿ, ಕೆಂಪು ಕಣದ ಗಾತ್ರ ಹೇಳುವ ಎಂಸಿವಿ 80ಕ್ಕಿಂತ, ಕಣದೊಳಗಿನ ಹಿಮೋಗ್ಲೋಬಿನ್ ಎಷ್ಟೆಂದು ಹೇಳುವ ಎಂಸಿಎಚ್ 27ಕ್ಕಿಂತ ಕಡಿಮೆಯಿದ್ದರೆ ಕಬ್ಬಿಣದ ಮಾತ್ರೆ ಬರೆಸಿಕೊಂಡು ಸುಮ್ಮನಾಗಬೇಡಿ, ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ತೋರಿಸುವ ಎಚ್‌ಪಿಎಲ್‌ಸಿ ಪರೀಕ್ಷೆ ಮಾಡಿಸಿ. ಸಿಕಲ್ ಸೆಲ್ ವಾಹಕರಲ್ಲಿ, ಅಂದರೆ ತಮಗೆ ರೋಗವಿಲ್ಲದೆ ದೋಷದ ಜೀನಿನ ಒಂದು ಪ್ರತಿ ಹೊತ್ತವರಲ್ಲಿ, ಸಿಬಿಸಿ ಸರಿಯಾಗಿಯೇ ಇರುತ್ತದೆ. ಅದಕ್ಕೂ ಎಚ್‌ಪಿಎಲ್‌ಸಿಯೇ ಬೇಕು. ಕಳೆದ 3 ತಿಂಗಳಲ್ಲಿ ರಕ್ತ ಹಾಕಿಸಿಕೊಂಡಿದ್ದರೆ ಮುಂಚಿತವಾಗಿ ಹೇಳಿ, ಇಲ್ಲವಾದರೆ ಕೊಟ್ಟವರ ರಕ್ತ ವರದಿಯನ್ನೇ ಕೆಡಿಸುತ್ತದೆ. ಹೆಂಡತಿ ವಾಹಕಿ ಎಂದಾದರೆ ಗಂಡನದೂ ಅದೇ ವಾರ ಆಗಲಿ. ಕಾಫಿ ಕೊಯ್ಲು ಮುಗಿಯಲಿ ಎಂದು ಕಾದರೆ ವಾರಗಳು ಕೈಬಿಟ್ಟುಹೋಗುತ್ತವೆ. ಇಬ್ಬರೂ ವಾಹಕರಾದರೆ ಪ್ರತಿ ಬಸುರಿನಲ್ಲೂ ಮಗುವಿಗೆ ರೋಗ ಬರುವ ಸಂಭವ 25%. ಮೊದಲ ಮಗು ಚೆನ್ನಾಗಿದೆ ಎಂಬುದು ಎರಡನೆಯದಕ್ಕೆ ಭರವಸೆಯಲ್ಲ.

ಇನ್ನು, ಒಂದೇ ಜೀನಿನ ದೋಷವನ್ನು ತಾಯಿಯ ರಕ್ತದಲ್ಲೇ ಹುಡುಕುವ ಪರೀಕ್ಷೆ. ಮಗುವಿನ ಡಿಎನ್‌ಎ ಚೂರುಗಳು ತಾಯಿಯ ರಕ್ತದಲ್ಲಿ ತೇಲುತ್ತವೆ ಎಂದು ವಿಜ್ಞಾನಿ ಡೆನ್ನಿಸ್ ಲೋ ಮತ್ತು ಜೊತೆಗಾರರು ತೋರಿಸಿದ್ದು 1997ರಲ್ಲಿ. ಇವು ಉದುರುವುದು ಮಾಸಿನಿಂದ. 10ನೇ ವಾರದ ಹೊತ್ತಿಗೆ ಇಂಥ ತೇಲು ಚೂರುಗಳಲ್ಲಿ ಮಾಸಿನದು ಸುಮಾರು 10%, ಉಳಿದದ್ದೆಲ್ಲ ತಾಯಿಯದೇ. ತೊಡಕಿರುವುದು ಇಲ್ಲಿ. ಸಿಕಲ್ ಸೆಲ್ ವಾಹಕಿಯ ರಕ್ತದಲ್ಲಿ ತೇಲುವ ಆ ಜೀನಿನ 100 ಪ್ರತಿಗಳನ್ನು ಎಣಿಸಿದೆವು ಎನ್ನಿ. ಮಗುವೂ ಬರಿಯ ವಾಹಕವಾದರೆ ದೋಷದ್ದು 50, ಸರಿಯಾದದ್ದು 50. ಮಗುವಿಗೆ ರೋಗವಿದ್ದರೆ 55ಕ್ಕೆ 45. ಮಾಸಿನ ಪಾಲು 4%ಕ್ಕೆ ಇಳಿದರೆ 52ಕ್ಕೆ 48. ಇಷ್ಟು ಸಣ್ಣ ಅಂತರ ಹಿಡಿಯಲು ಸಾವಿರಾರು ಪ್ರತಿ ಎಣಿಸಬೇಕು. ತಾಯಿಯ ತೂಕ ಹೆಚ್ಚಿದ್ದರೆ, ವಾರ ಸಾಲದಿದ್ದರೆ ಈ ಪಾಲು ತಗ್ಗುತ್ತದೆ. 'ಫಲಿತಾಂಶವಿಲ್ಲ' ಎಂದು ಬರುವುದು ಹೆಚ್ಚಾಗಿ ಹೀಗೆ. ತಂದೆಯ ದೋಷ ತಾಯಿಯದಕ್ಕಿಂತ ಬೇರೆಯಾದರೆ ಕೆಲಸ ಹಗುರ: ಅದು ತಾಯಿಯ ರಕ್ತದಲ್ಲಿ ಕಾಣದಿದ್ದರೆ ಮಗುವಿಗೆ ರೋಗ ಬರಲಾರದು.

ರಕ್ತ ಹಿಡಿಯುವ ಟ್ಯೂಬಿನಲ್ಲಿ ಕಣಗಳು ಒಡೆಯದಂತೆ ಕಾಯುವ ದ್ರವವಿರುತ್ತದೆ. ತುಂಬಿದ ತಕ್ಷಣ ಎಂಟು ಹತ್ತು ಸಲ ಮೆಲ್ಲಗೆ ಮಗುಚಬೇಕು, ಕುಲುಕಬಾರದು. ಘಾಟಿ ಇಳಿದು ಮೈಸೂರಿಗೋ ಬೆಂಗಳೂರಿಗೋ ಹೋಗುವ ಟ್ಯೂಬನ್ನು ಮಂಜುಗಡ್ಡೆಯಲ್ಲಿಡಬೇಡಿ. ಚಳಿಗೆ ಹೆಪ್ಪುಗಟ್ಟಿ ಬಿಳಿ ರಕ್ತಕಣ ಒಡೆದರೆ ತಾಯಿಯ ಡಿಎನ್‌ಎ ನುಗ್ಗಿ ಮಗುವಿನ ಪಾಲು ಕರಗಿಹೋಗುತ್ತದೆ.

ಈ ಪರೀಕ್ಷೆ ಎಲ್ಲ ಲ್ಯಾಬಿನಲ್ಲೂ ಇಲ್ಲ. ಖಚಿತ ಉತ್ತರಕ್ಕೆ ಈಗಲೂ ಸೂಜಿ ಪರೀಕ್ಷೆಯೇ: 11ರಿಂದ 14ನೇ ವಾರದೊಳಗೆ ಮಾಸಿನ ಚೂರು, ಇಲ್ಲವೇ 16ನೇ ವಾರದಿಂದ ಗರ್ಭದ ನೀರು. ಗರ್ಭಪಾತದ ಅಪಾಯ ನುರಿತ ಕೈಯಲ್ಲಿ 1%ಕ್ಕಿಂತ ಕಡಿಮೆ. ಗಂಡೋ ಹೆಣ್ಣೋ ಎಂದು ಕೇಳಬೇಡಿ, ಹೇಳುವುದು 1994ರ ಕಾಯ್ದೆಯಂತೆ ಅಪರಾಧ.

ರೋಗವಿದೆ ಎಂದು ತಿಳಿದೂ ಮಗು ಬೇಕೆನ್ನುವ ತಂದೆತಾಯಿಯರಿದ್ದಾರೆ. ಅವರಿಗೂ ಮುಂಚಿತವಾಗಿ ತಿಳಿದಿರುವುದು ಬಹಳ ದೊಡ್ಡದು: ಸಿಕಲ್ ಸೆಲ್ ಮಗುವಿಗೆ 2 ತಿಂಗಳಿಂದಲೇ ಪೆನಿಸಿಲಿನ್ ಶುರುಮಾಡಬಹುದು, ಜ್ವರ ಬಂದ ರಾತ್ರಿಯೇ ಆಸ್ಪತ್ರೆಗೆ ಹೊರಡಬೇಕೆಂಬುದು ತಾಯಿಗೆ ಗೊತ್ತಿರುತ್ತದೆ.